ತೊಡೆ ಮೇಲೆ ಇಟ್ಕೊಂಡು ಬಂದ್ರೆ ಆಯ್ತಂತೆ!

ಮನೇಲಿ ಮದುವೆ ಕೇಕ್ ಮಾಡೋರಿಗೆ ಮೈ ಉರಿಯೋ ಮಾತು ಒಂದಿದೆ: "ಬೆಂಗಳೂರಿಂದ ಮಂಗಳೂರು ತಾನೇ, ತೊಡೆ ಮೇಲೆ ಇಟ್ಕೊಂಡು ಬಂದ್ರೆ ಆಯ್ತಪ್ಪ." ಹೌದಾ? 10, 8, 6 ಇಂಚಿನ ಮೂರು ಟಿಯರ್ (ಅಂದ್ರೆ ಅಂತಸ್ತು), ಮೇಲೆ ಹೊದಿಸೋ ಸಕ್ಕರೆ ಹಾಳೆ ಫಾಂಡೆಂಟು, ಕೆಳಗಿನ ಬೋರ್ಡು ಎಲ್ಲಾ ಸೇರಿ ಏಳೆಂಟು ಕೆಜಿ. ಅಷ್ಟು ತೂಕದ ಅಕ್ಕಿ ಚೀಲ ತೊಡೆ ಮೇಲಿಟ್ಕೊಂಡು, ಒಂದು ಬೆರಳಷ್ಟೂ ಓರೆಯಾಗದ ಹಾಗೆ 350 ಕಿ.ಮೀ. ಕೂತು ತೋರಿಸಿ, ಆಮೇಲೆ ಮಾತಾಡೋಣ. ಮೈ ಬಿಸಿ 37 ಡಿಗ್ರಿ, ಬೆಣ್ಣೆ ಕರಗೋದು 32ರಿಂದ 35ಕ್ಕೆ. ಬೆಣ್ಣೆ, ಸಕ್ಕರೆ ಕಡೆದ ಬಟರ್‌ಕ್ರೀಮ್ ಅದಕ್ಕೂ ಮೊದಲೇ ಮೆತ್ತಗಾಗಿರುತ್ತೆ. ತೊಡೆ ಅಂದ್ರೆ ಕೇಕಿಗೆ ಸಣ್ಣ ಒಲೆ. ಸೀಟೂ ಬೇಡ, ಅದು ಹಿಂದಕ್ಕೆ ಇಳಿಜಾರು.

ಜಾಗ ಇರೋದು ಎರಡೇ. ಮುಂದಿನ ಸೀಟಿನವರು ಕಾಲಿಡೋ ಕಡೆ ಸಮತಟ್ಟು ಸಿಕ್ಕಿದ್ರೆ ಅಲ್ಲಿ, ಇಲ್ಲಾಂದ್ರೆ ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿ, ಅದೂ ಮೇಲಿನ ಟ್ರೇ ಕಿತ್ತು ಎಸಿ ಗಾಳಿ ಹಿಂದಕ್ಕೆ ಹೋಗೋ ಹಾಗೆ ಮಾಡಿ. ಸೆಡಾನ್ ಡಿಕ್ಕಿಗೆ ಎಸಿ ಹೋಗಲ್ಲ, ಹಾಸನ ಬರೋದ್ರೊಳಗೆ ಅದು ಕಾದ ಹಂಚು. ಕೆಳಗೆ ಅಡುಗೆಮನೆ ಡ್ರಾಯರಿಗೆ ಹಾಸೋ ಜಾರದ ರಬ್ಬರ್ ಮ್ಯಾಟ್, ಅದರ ಮೇಲೆ ಬಾಕ್ಸ್. ಬಾಕ್ಸ್ ಬೋರ್ಡಿನಷ್ಟೇ ಅಳತೆಯದ್ದಿರಬೇಕು. ಎರಡು ಇಂಚು ಸಡಿಲ ಇದ್ರೆ ಪ್ರತಿ ಬ್ರೇಕಿಗೂ ಕೇಕ್ ಹೋಗಿ ಗೋಡೆಗೆ ಮುತ್ತು ಕೊಡುತ್ತೆ.

ಇನ್ನು ಫೋಟೋ ಕಳಿಸೋರು. ಯಾವುದೋ ಚಳಿ ದೇಶದ ಹೋಟೆಲಲ್ಲಿ ತೆಗೆದ ಚಿತ್ರ, ಬೆಳ್ಳಗೆ ವಿಪ್ಡ್ ಕ್ರೀಮು, ನಡುವೆ ಸ್ಟ್ರಾಬೆರಿ. "ಸೇಮ್ ಇದೇ ಬೇಕು, ಮೇ ತಿಂಗಳು, ಮಂಗಳೂರು." ಆ ಕ್ರೀಮ್ ಅಂದ್ರೆ ಗಾಳಿ ತುಂಬಿದ ನೊರೆ ಕಣ್ರೀ. ಏಳೆಂಟು ಗಂಟೆ ಕುಲುಕಾಟಕ್ಕೆ, ಸೆಕೆಗೆ ನೊರೆ ಇಳಿದು ಹಣ್ಣು ನೀರು ಬಿಡುತ್ತೆ, ಆ ನೀರಲ್ಲಿ ಮೇಲಿನ ಪದರ ಜಾರೇ ಜಾರುತ್ತೆ. ಗನಾಶ್, ಅಂದ್ರೆ ಚಾಕೊಲೇಟು ಕ್ರೀಮು ಕಲಸಿದ ಲೇಪ, ಹಾಕ್ತೀವಿ ಅಂದ್ರೆ ಮುಖ ಸಿಂಡರಿಸ್ತಾರೆ. ಡಾರ್ಕ್ ಚಾಕೊಲೇಟ್ ಎರಡು ಪಾಲಿಗೆ ಕ್ರೀಮ್ ಒಂದು ಪಾಲು, ಕರಾವಳಿ ಬೇಸಿಗೆಗೆ ಚಾಕೊಲೇಟು ಎರಡೂವರೆ ಪಾಲು. ವೈಟ್ ಚಾಕೊಲೇಟಾದ್ರೆ ಮೂರರಿಂದ ನಾಲ್ಕು. ಒಂದು ರಾತ್ರಿ ಫ್ರಿಜ್ಜಲ್ಲಿ ಕೂತ್ರೆ ಅದು ಕೇಕಿಗೆ ಗಟ್ಟಿ ಚಿಪ್ಪು. ಒಳಗೆ ಜಾಮ್ ಬೇಕೇ ಬೇಕು ಅಂದ್ರೆ ಅಂಚಿನ ಸುತ್ತ ಗಟ್ಟಿ ಬಟರ್‌ಕ್ರೀಮಿನ ಬದು ಕಟ್ಟಿ ಅದರೊಳಗೆ ತೆಳ್ಳಗೆ ಸವರಬೇಕು. ಕರಾವಳಿ ಕ್ರೈಸ್ತರ ಮದುವೆಗೆ ಹಳಬರು ಮಾಡ್ತಿದ್ದ ರಮ್ಮು, ಒಣಹಣ್ಣಿನ ಗಟ್ಟಿ ಕೇಕು, ಮೇಲೆ ಬಾದಾಮಿ-ಸಕ್ಕರೆ ಹಿಟ್ಟಿನ ಮಾರ್ಜಿಪಾನು, ಒಣಗಿ ಗಟ್ಟಿಯಾಗೋ ಸಕ್ಕರೆ ಲೇಪ ರಾಯಲ್ ಐಸಿಂಗು ನೋಡಿ. ವಾರಗಟ್ಟಲೆ ಕೆಡಲ್ಲ, ಘಾಟಿಗೂ ಹೆದರಲ್ಲ. ಅವರಿಗೇನು ಬುದ್ಧಿ ಇರ್ಲಿಲ್ವಾ?

"ಮನೇಲೇ ಮೂರೂ ಜೋಡಿಸ್ಕೊಂಡು ಬನ್ನಿ, ಇಲ್ಲಿ ಬಂದು ಗಲೀಜು ಮಾಡ್ಬೇಡಿ" ಅನ್ನೋರು ಬೇರೆ. ಮಾರನಹಳ್ಳಿಯಿಂದ ಗುಂಡ್ಯದವರೆಗೆ ಶಿರಾಡಿ ಘಾಟಿ ತಿರುವುಗಳಲ್ಲಿ ಮೂರು ಅಂತಸ್ತು ನಿಲ್ಲಬೇಕಂತೆ! ದೂರದ ದಾರಿಗೆ ಪ್ರತಿ ಟಿಯರ್ ಬೇರೆ ಬೋರ್ಡು, ಬೇರೆ ಬಾಕ್ಸು. ಜೋಡಿಸೋದು ಮದುವೆ ಹಾಲ್‌ನಲ್ಲೇ. ಮೇಲಿನ ಭಾರ ಹೊರೋಕೆ ಕೇಕಿನೊಳಗೆ ಇಳಿಸೋ ಕಡ್ಡಿ ಡೋವೆಲ್, ಕೆಳಗಿನ 10 ಇಂಚಿಗೆ ಐದು, 8 ಇಂಚಿಗೆ ನಾಲ್ಕು. ಮೊದಲನೇದನ್ನ ಬುಡದ ಬೋರ್ಡಿಗೆ ತಾಗೋವರೆಗೂ ಇಳಿಸಿ, ಮೇಲ್ಮೈಗೆ ಗುರುತು ಹಾಕಿ, ಉಳಿದಿದ್ದೆಲ್ಲ ಅದೇ ಅಳತೆಗೆ ಕತ್ತರಿಸೋದು. ಒಂದು ಕಡ್ಡಿ ಎರಡು ಮಿ.ಮೀ. ಗಿಡ್ಡ ಆದ್ರೂ ಮೇಲಿನದು ಪೀಸಾ ಗೋಪುರ.

ಹಂಪ್ ಬಗ್ಗೆ ಹೇಳ್ಲೇಬೇಕು. ರಸ್ತೆ ಮಾನದಂಡ ಬರೆಯೋ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದ ಹಂಪು ಗಾಡಿ ಸಾಗೋ ದಿಕ್ಕಿಗೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ.ನಲ್ಲಿ ಹಾಯಾಗಿ ದಾಟೋ ಹಾಗೆ. ನಮ್ಮೂರ ಬೀದೀಲಿ ರಾತ್ರೋರಾತ್ರಿ ಹುಟ್ಟೋ ಹಂಪು? ಅದೇ ಎತ್ತರ, ಅಗಲ ಮಾತ್ರ ಒಂದು ಮೊಳ. ಕಾರು ನಡೆದಷ್ಟೇ ನಿಧಾನಕ್ಕೆ ಹತ್ತಿಳಿದ್ರೂ ದಡಕ್ ಅನ್ನುತ್ತೆ, ಜೋಡಿಸ್ಕೊಂಡೇ ಹೊರಟಿದ್ರೆ ಡೋವೆಲ್ ಸುತ್ತ ಕೇಕ್ ಹರಿಯುತ್ತೆ. ಹೈವೇಗಿಂತ ಹೆಚ್ಚು ಕೇಕ್ ಹಾಳಾಗೋದು ಮನೆಯಿಂದ ಮುಖ್ಯರಸ್ತೆವರೆಗಿನ ಒಂದು ಕಿಲೋಮೀಟರಲ್ಲಿ.

ಘಾಟಿ ಇಳಿದ್ರೆ ಇನ್ನೊಂದು ಗೋಳು. ಎಸಿ ಕಾರಲ್ಲಿ ತಣ್ಣಗಿದ್ದ ಫಾಂಡೆಂಟಿಗೆ ಉಪ್ಪಿನಂಗಡಿ ಸೆಕೆ ಬಡಿದ ಕ್ಷಣ ಬೆವರು, ಕೆಂಪು ಹೂವಿನ ಬಣ್ಣ ಬಿಳಿ ಮೇಲೆ ಇಳಿಯುತ್ತೆ. ಟೇಪ್ ಹಾಕಿದ ಬಾಕ್ಸನ್ನ ಹಾಲಲ್ಲಿ ಒಂದೆರಡು ಗಂಟೆ ಹಾಗೇ ಬಿಟ್ರೆ ತೇವ ಬಾಕ್ಸಿನ ಹೊರಗೇ ಕೂರುತ್ತೆ. ಆದ್ರೆ ಬಿಡಬೇಕಲ್ಲ! "ಸ್ವಲ್ಪ ತೋರ್ಸಿ" ಅಂತ ಮುಚ್ಚಳ ಎತ್ತೋರೇ ಎಲ್ಲ. ಎತ್ತಿ, ಬೆವರು ನೋಡಿ, ಟಿಶ್ಯೂ ಹಿಡಿದು ಒರೆಸ್ತಾರೆ ಪುಣ್ಯಾತ್ಮರು. ಒರೆಸಿದ ಕಡೆ ಮಿರಮಿರ ಮಿಂಚೋ ಕಲೆ ಉಳಿಯುತ್ತೆ. ಮುಟ್ಟದೆ ಫ್ಯಾನ್ ಗಾಳಿಗೆ ಬಿಡಿ ಅಂದ್ರೆ ನಾವು ಜಂಬದವರು.

ದುಡ್ಡಿನ ವಿಷಯ ಬಂದ್ರೆ "ಡೆಲಿವರಿ ಸೇರಿ ತಾನೇ?" ಹೋಗಿಬರೋಕೆ 700 ಕಿ.ಮೀ., ಲೀಟರಿಗೆ 15 ಕೊಡೋ ಕಾರಲ್ಲಿ ಸುಮಾರು 47 ಲೀಟರ್ ಪೆಟ್ರೋಲು. ಟೋಲು ಬೇರೆ, ರಿಪೇರಿಗೆ ಒಯ್ಯೋ ಅರ್ಧ ಕೆಜಿ ಐಸಿಂಗು, ಪೈಪಿಂಗ್ ಬ್ಯಾಗು, ಪ್ಯಾಲೆಟ್ ಚಾಕು ಬೇರೆ, ಡ್ರೈವರಿಗೆ ಊಟ ಬೇರೆ. ಖರ್ಚು ತಗ್ಗಿಸೋಕೆ ಮೇಲಿನ ಎರಡು ಟಿಯರ್ ಥರ್ಮಾಕೋಲ್ ಮೇಲೆ ಅಲಂಕಾರ ಮಾಡ್ತೀವಿ, ತಿನ್ನೋ ಕೇಕ್ ಬೇರೆ ಟ್ರೇನಲ್ಲಿ ತರ್ತೀವಿ ಅಂದ್ರೆ ಮರ್ಯಾದೆ ಹೋಗುತ್ತಂತೆ.

ಹಾಲಿಗೆ ತಂದ್ಮೇಲಾದ್ರೂ ನೆಮ್ಮದಿಯಾ? ಟೇಬಲ್ ಹಾಕಿರೋದು ಹೊರಗೆ ಪೆಂಡಾಲಲ್ಲಿ, ಫೋಕಸ್ ಲೈಟಿನ ಕೆಳಗೆ, ಡಿಜೆ ಸ್ಪೀಕರ್ ಪಕ್ಕ. ಫ್ರಿಜ್ ಕೇಳಿದ್ರೆ ಮೀನಿನ ಜೊತೆ ಜಾಗ ತೋರಿಸ್ತಾರೆ. ಬೆಣ್ಣೆ ಎಳೆದಷ್ಟು ವಾಸನೆ ಬೇರೆ ಯಾವುದೂ ಎಳೆಯಲ್ಲ. ಮೊದಲು ಆ ಟೇಬಲ್ ನೆರಳಿಗೆ ಬರ್ಲಿ, ಅಲ್ಲಾಡೋ ಕಾಲಿಗೆ ರಟ್ಟು ಬೀಳ್ಲಿ. ಅಲ್ಲೀವರೆಗೂ ಬಾಕ್ಸಿನ ಟೇಪ್ ಕೀಳಲ್ಲ, ಫೋಟೋಗ್ರಾಫರ್ ಎಷ್ಟು ಬೇಕಾದ್ರೂ ಕೂಗ್ಕೊಳ್ಳಿ.