ಗೇಟಿನಲ್ಲಿ ನಿಂತ ಲಾರಿ

ಕೆಲವು ತಿಂಗಳ ಹಿಂದೆ ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಯ ಗೇಟಿನಲ್ಲಿ ಮಾಲು ತುಂಬಿದ ಲಾರಿಯೊಂದು ಮೂರೂವರೆ ಗಂಟೆ ನಿಂತಿತ್ತು. ಮಾಲು ಸಿದ್ಧ, ಬಿಲ್ಲೂ ಸಿದ್ಧ. ಡ್ರೈವರ್ ಮೂರು ಸಲ ಟೀ ಕುಡಿದು ಬಂದಿದ್ದ. ಇಲ್ಲದಿದ್ದದ್ದು ಗೇಟ್ ಪಾಸಿನ ಮೇಲೆ ನನ್ನ ಸಹಿ ಮಾತ್ರ. ನಾನೋ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು, ‘ನಮ್ಮವರಿಗೆ ಜವಾಬ್ದಾರಿಯೇ ಇಲ್ಲ’ ಎಂದು ಗೆಳೆಯನೊಬ್ಬನಿಗೆ ಫೋನಿನಲ್ಲಿ ದೂರುತ್ತಿದ್ದೆ.

ಆ ನಿಯಮ ನಾನೇ ಮಾಡಿದ್ದು. ನಾವು ಹನ್ನೆರಡು ಜನರಿದ್ದ ಕಾಲದಲ್ಲಿ ತಪ್ಪು ಮಾಲು ಹೋಗಿ ಪೂರ್ತಿ ವಾಪಸು ಬಂದಿತ್ತು. ಅಂದಿನಿಂದ ನನ್ನ ಸಹಿಯಿಲ್ಲದೆ ಏನೂ ಹೊರಗೆ ಹೋಗುತ್ತಿರಲಿಲ್ಲ. ಈಗ ಅರವತ್ತು ಜನರಿದ್ದೇವೆ. ಹನ್ನೆರಡು ಜನರಲ್ಲಿ ಇಬ್ಬಿಬ್ಬರು ಮಾತಾಡುವ ಜೋಡಿಗಳನ್ನು ಎಣಿಸಿದರೆ 66, ಅರವತ್ತು ಜನರಲ್ಲಿ 1,770. ಅಷ್ಟೂ ಮಾತು ನನ್ನ ಮೇಜನ್ನು ಹಾದೇ ಹೋಗಬೇಕೆಂದರೆ ಆ ಮೇಜು ಸಂಜೆ ಆರರ ಸಿಲ್ಕ್ ಬೋರ್ಡ್ ಜಂಕ್ಷನ್ ಆಗದೆ ಇನ್ನೇನಾದೀತು?

ಸಹಿಯನ್ನು ಬಿಟ್ಟುಕೊಡುವುದು ಸುಲಭವಾಯಿತು. ನನ್ನ ಬಾಯಿಗೆ ಬೀಗ ಹಾಕುವುದು ಕಷ್ಟವಾಯಿತು.

ಉತ್ಪಾದನೆ ನೋಡಿಕೊಳ್ಳುವವರ ಡೈರಿಯನ್ನು ಒಂದು ದಿನ ಯಾವುದೋ ಅಳತೆಗಾಗಿ ತೆರೆದೆ. ಸೋಮವಾರ: ವಾಲ್ವ್ ಬಾಡಿಯ (ಕವಾಟದ ಹೊರಕವಚ) ರಿಜೆಕ್ಷನ್, ಅಂದರೆ ತಪಾಸಣೆಯಲ್ಲಿ ತಿರಸ್ಕೃತವಾಗುವ ಮಾಲು, ಇಳಿಸಬೇಕು. ಮಂಗಳವಾರ: ಸೋಲಾರ್ ಪಂಪಿನ ಬ್ರಾಕೆಟ್ ಮಾದರಿ, ತುರ್ತು. ಗುರುವಾರ: ತುಮಕೂರು ರಸ್ತೆಯ ಪ್ರದರ್ಶನಕ್ಕೆ ಸ್ಟಾಲ್, ಅತಿ ತುರ್ತು. ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ‘ಸರ್ ಹೇಳಿದ್ದು’. ಒಂದೂ ಮುಗಿದಿರಲಿಲ್ಲ. ನನಗೆ ಅವು ಕಾಫಿ ಕುಡಿಯುವಾಗ ಹೊಳೆದ ಯೋಚನೆಗಳು. ಅವರಿಗೆ ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಯಂತ್ರ ನಿಲ್ಲಿಸಿ, ಬಿಡಿಭಾಗವನ್ನು ಹಿಡಿದಿಡುವ ಫಿಕ್ಸ್ಚರ್ ಬದಲಿಸುವ ಆಜ್ಞೆ. ಕಂಪನಿ ಬೆಳೆದಷ್ಟೂ ಯಜಮಾನನ ಗೊಣಗಾಟಕ್ಕೂ ಆದೇಶದ ತೂಕ ಬರುತ್ತದೆ ಎಂಬುದು ನನಗೆ ತಿಳಿದೇ ಇರಲಿಲ್ಲ.

ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ 1913ರಲ್ಲಿ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗ ಪ್ರಸಿದ್ಧ. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬನ ಪಾಲಿನ ಬಲ, ಒಂಟಿಯಾಗಿ ಎಳೆದಾಗಿನದರ ಅರ್ಧಕ್ಕೆ ಇಳಿದಿತ್ತು. ನಮ್ಮಂಥವರು ಇದನ್ನು ಕೇಳಿದ ಕೂಡಲೇ ಸೋಮಾರಿತನ ಎನ್ನುತ್ತೇವೆ. ಆದರೆ ರಿಂಗೆಲ್ಮನ್ ಮುಖ್ಯವಾಗಿ ಬೆರಳು ತೋರಿಸಿದ್ದು ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದರ ಕಡೆಗೆ. ಊರ ತೇರು ಎಳೆದವರಿಗೆ ಇದು ಗೊತ್ತಿರುವ ವಿಷಯವೇ. ನಮ್ಮ ತೇರಿನ ಮುಂದೆ ನಿಂತು ಸೋಮವಾರ ಒಂದು ಕೂಗು, ಗುರುವಾರ ಇನ್ನೊಂದು ಕೂಗು ಹಾಕುತ್ತಿದ್ದವನು ನಾನು.

1997ರಲ್ಲಿ ಆಪಲ್‌ಗೆ ಮರಳಿದ ಸ್ಟೀವ್ ಜಾಬ್ಸ್ ನಾಲ್ಕು ಚೌಕ ಬರೆದು, ಚೌಕಕ್ಕೊಂದು ಉತ್ಪನ್ನ ಇಟ್ಟುಕೊಂಡು ಉಳಿದವನ್ನು ಕೈಬಿಟ್ಟ ಕಥೆಯನ್ನು ಈ ಊರಿನ ಪಂಚತಾರಾ ಹೋಟೆಲುಗಳ ವೇದಿಕೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. (ಊಟ ಚೆನ್ನಾಗಿರುತ್ತದೆ.) ಮರುವರ್ಷ ಆಪಲ್‌ನ ಅಂಗೈ ಕಂಪ್ಯೂಟರ್ ನ್ಯೂಟನ್ ನಿಂತಾಗ, ವರ್ಷಗಟ್ಟಲೆ ಅದಕ್ಕೆ ದುಡಿದವರ ಮುಖ ಹೇಗಿತ್ತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಬ್ರಾಕೆಟ್ಟಿನ ಕೆಲಸ ನಿಲ್ಲಿಸಿದ ದಿನ, ಆರು ತಿಂಗಳು ಅದಕ್ಕೇ ಅಂಟಿಕೊಂಡಿದ್ದ ಹುಡುಗ ಏನೂ ಮಾತಾಡಲಿಲ್ಲ. ಮಾದರಿಯನ್ನು ಹತ್ತಿಬಟ್ಟೆಯಲ್ಲಿ ಒರೆಸಿ, ಎಣ್ಣೆ ಹಚ್ಚಿ, ಕಪಾಟಿನಲ್ಲಿಟ್ಟ. ಅವನಿಗೆ ವಿವರಿಸಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು.

ಈಗ ಮೂರು ತಿಂಗಳಿಗೆ ಒಂದೇ ಗುರಿ. ಈ ಸಲ ವಾಲ್ವ್ ಬಾಡಿ. ಹೋದ ವಾರ ತಡೆಯಲಾಗದೆ ಇನ್ನೊಂದು ಹೊಸ ಯೋಚನೆ ಹೇಳಿಬಿಟ್ಟೆ. ಅದೇ ಡೈರಿ ತೆರೆದು, ಪುಟಗಳನ್ನು ದೂರ ಮಗುಚಿ ಬರೆದುಕೊಂಡು, ಉತ್ಪಾದನೆ ನೋಡಿಕೊಳ್ಳುವವರು ತಲೆಯೆತ್ತಿದರು.

“ಅಕ್ಟೋಬರ್ ಪುಟದಲ್ಲಿ ಹಾಕಿದ್ದೇನೆ, ಸರ್.”

ಸ್ವಲ್ಪ ಸಿಟ್ಟು ಬಂತು. ಹೊರಗೆ ಹೋಗಿ ಒಂದು ಕಾಫಿ ಕುಡಿದು ಬಂದೆ.