ಅಳಿಸಿ ಹೋದ ಮೈನಸ್

‘ಓದಿಯಾಯಿತು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಚೆಗೆ ನನಗೆ ಮೈಯುರಿಯುತ್ತದೆ. ನಾಳಿದ್ದು ವಿಜ್ಞಾನ ಪರೀಕ್ಷೆ ಇಟ್ಟುಕೊಂಡಿರುವ ನಮ್ಮ ಮಗರಾಯ ನಿನ್ನೆ ರಾತ್ರಿ ಊಟಕ್ಕೆ ಕೂರುವ ಮೊದಲೇ ಬೆಳಕಿನ ಪಾಠವನ್ನು ಓದಿ ಮುಗಿಸಿದ್ದ. ಪುಸ್ತಕ ತೆರೆದು ನೋಡಿದರೆ ಪುಟಕ್ಕೆ ಪುಟವೇ ಹಳದಿ. ಮುಖ್ಯವಾದ ಸಾಲುಗಳ ಮೇಲೆ ಹೈಲೈಟರ್ ಎಳೆಯುವುದು ಸರಿ, ಇಲ್ಲಿ ಚಿತ್ರದ ಸಂಖ್ಯೆಗೂ, ಪುಟದ ಸಂಖ್ಯೆಗೂ, ‘ಇದನ್ನು ಮುಂದಿನ ತರಗತಿಯಲ್ಲಿ ಕಲಿಯುವಿರಿ’ ಎಂಬ ವಾಕ್ಯಕ್ಕೂ ವಿನಾಯಿತಿ ಸಿಕ್ಕಿರಲಿಲ್ಲ. ಬಿಳಿಯಾಗಿ ಉಳಿದದ್ದು ಪ್ಲಸ್ ಮೈನಸ್ ಚಿಹ್ನೆಗಳ ನಿಯಮ ಹೇಳುವ ಪ್ಯಾರಾ ಒಂದೇ. ಏಕೆಂದು ಕೇಳಿದರೆ, ಅಲ್ಲಿಗೆ ಬರುವಷ್ಟರಲ್ಲಿ ಹೈಲೈಟರ್ ಒಣಗಿಹೋಗಿತ್ತಂತೆ.

2013ರಲ್ಲಿ ಜಾನ್ ಡನ್‌ಲೊಸ್ಕಿ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ವಿದ್ಯಾರ್ಥಿಗಳು ಬಳಸುವ ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿ, ಗೆರೆ ಎಳೆಯುವುದನ್ನೂ ಓದಿದ್ದನ್ನೇ ಮತ್ತೆ ಓದುವುದನ್ನೂ ಕಡಿಮೆ ಪ್ರಯೋಜನದ ಸಾಲಿನಲ್ಲಿಟ್ಟರು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ದಿನಗಳ ಅಂತರ ಬಿಟ್ಟು ಓದುವುದು ಮೇಲಿನ ಸ್ಥಾನ ಪಡೆದವು. ಇದನ್ನು ಮಗನಿಗೆ ಅಚ್ಚುಕಟ್ಟಾಗಿ ವಿವರಿಸಿದೆ. ಅವನು ಗಮನವಿಟ್ಟು ಕೇಳಿದ; ಹೈಲೈಟರ್ ಒಣಗಿರದಿದ್ದರೆ ನನ್ನ ಮಾತಿನ ಮೇಲೂ ಎಳೆಯುತ್ತಿದ್ದನೇನೋ.

ತೊಂದರೆಯಿರುವುದು ಸೋಮಾರಿತನದಲ್ಲಲ್ಲ, ಹುಡುಗ ಗಂಟೆಗಟ್ಟಲೆ ಕೂರುತ್ತಾನೆ. ಮತ್ತೆ ಮತ್ತೆ ಕಣ್ಣಾಡಿಸಿದ ಪುಟ ಪರಿಚಿತವಾಗುತ್ತದೆ, ಪರಿಚಿತವಾದದ್ದೆಲ್ಲ ಗೊತ್ತಿರುವಂತೆಯೇ ತೋರುತ್ತದೆ. ಬಸ್ಸಿನಲ್ಲಿ ದಿನವೂ ಕಾಣುವ ಮುಖದ ಹೆಸರು ಹೇಳೆಂದರೆ ತಡವರಿಸುವ ಹಾಗೆ, ಪುಸ್ತಕ ಮುಚ್ಚಿದೊಡನೆ ಬಣ್ಣ ಬಯಲಾಗುತ್ತದೆ.

ಹಾಗಾಗಿ ಪುಸ್ತಕ ಮುಚ್ಚಿಸಿ ಪಾಠದ ಕೊನೆಯ ಅಭ್ಯಾಸದಿಂದಲೇ ಒಂದು ಲೆಕ್ಕ ಕೊಟ್ಟೆ. ಸಂಗಮದೂರ (ದೂರದಿಂದ ಬಂದ ಬೆಳಕು ಪ್ರತಿಫಲಿಸಿ ಒಂದೆಡೆ ಕೂಡುವ ಬಿಂದುವಿಗೂ ದರ್ಪಣಕ್ಕೂ ಇರುವ ಅಂತರ) 15 ಸೆಂ.ಮೀ. ಇರುವ ನಿಮ್ನ ದರ್ಪಣ, ಎಂದರೆ ಒಳಬಾಗಿದ ಕನ್ನಡಿ, ಅದರ ಮುಂದೆ 10 ಸೆಂ.ಮೀ. ದೂರದಲ್ಲಿ ವಸ್ತು, ಪ್ರತಿಬಿಂಬ ಎಲ್ಲಿ ಮೂಡುತ್ತದೆ? ಸೂತ್ರವನ್ನು ಅವನು ಒಂದೇ ಉಸಿರಿಗೆ ಒಪ್ಪಿಸಿದ, ಅದರಲ್ಲಿ ತಕರಾರಿಲ್ಲ. ಆದರೆ ಈ ಎರಡೂ ದೂರಗಳು ದರ್ಪಣದ ಮುಂದಿನವಾದ್ದರಿಂದ ಅವಕ್ಕೆ ಮೈನಸ್ ಹಾಕಬೇಕೆಂಬ ಸಂಗತಿ ಆ ಬಿಳಿ ಪ್ಯಾರಾದಲ್ಲೇ ಉಳಿದುಬಿಟ್ಟಿತ್ತು. ಎರಡನ್ನೂ ಪ್ಲಸ್ ಎಂದೇ ತಿಳಿದು ಲೆಕ್ಕ ಮಾಡಿ, ಕೊನೆಗೆ ಮೈನಸ್ 30 ಎಂದು ಬರೆದು, ಪೆನ್ಸಿಲ್ ಕಚ್ಚಿಕೊಂಡು ಅದನ್ನೇ ದಿಟ್ಟಿಸಿದ. “ದೂರ ಎಲ್ಲಾದ್ರೂ ಮೈನಸ್ ಇರುತ್ತಾ ಅಪ್ಪಾ?” ಎಂದವನು ನನ್ನ ಉತ್ತರಕ್ಕೂ ಕಾಯದೆ ರಬ್ಬರ್ ತೆಗೆದುಕೊಂಡು ಮೈನಸ್ಸನ್ನು ನಾಜೂಕಾಗಿ ಅಳಿಸಿ, ಪುಡಿಯನ್ನು ಊದಿ, ಪುಸ್ತಕದ ಹಿಂಬದಿಯ ಉತ್ತರ ನೋಡಿದ. ಪ್ಲಸ್ 30!

ಆಮೇಲಿನ ಸಂಭ್ರಮವನ್ನು ಏನೆಂದು ಹೇಳಲಿ? ತಪ್ಪಿಗೆ ತಪ್ಪು ಸೇರಿ ಸರಿಯಾದ ಆ ಘಳಿಗೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯೂ ಉಳಿಯಲಿಲ್ಲ. “ಪ್ಲಸ್ 30 ಅಂದರೆ ಪ್ರತಿಬಿಂಬ ಎಲ್ಲಿದೆ?” ಎಂದು ಕೇಳಿದೆ. “ಉತ್ತರದಲ್ಲಿದೆ,” ಎಂದ. ಅದು ದರ್ಪಣದ ಹಿಂದೆ, ನೆಟ್ಟಗೆ, ಮೂರು ಪಟ್ಟು ದೊಡ್ಡದಾಗಿ ಕಾಣುವ ಮಿಥ್ಯ ಪ್ರತಿಬಿಂಬವೆಂದು ತಿಳಿಸಿ, ಹಟಕ್ಕೆ ಬಿದ್ದವನಂತೆ ವಸ್ತುವನ್ನು 30 ಸೆಂ.ಮೀ.ಗೆ ಸರಿಸಿ ಇನ್ನೊಂದು ಲೆಕ್ಕ ಕೊಟ್ಟೆ. ಅದೇ ಕ್ರಮದಲ್ಲಿ ಮಾಡಿ ಮತ್ತೆ ಪ್ಲಸ್ 30 ತಂದ. ಈ ಸಲ ಅಳಿಸುವುದಕ್ಕೆ ಏನೂ ಇರಲಿಲ್ಲ. ಸರಿಯುತ್ತರ ಮೈನಸ್ 30, ಅಂದರೆ ದರ್ಪಣದ ಮುಂದೆ, ತಲೆಕೆಳಗಾಗಿ, ವಸ್ತುವಿನಷ್ಟೇ ಗಾತ್ರದಲ್ಲಿ. ಸ್ವಲ್ಪ ಹೊತ್ತು ಯೋಚಿಸಿ ಗಂಭೀರವಾಗಿ ಕೇಳಿದ: “ಹಾಗಾದ್ರೆ ಆಗ ಅಳಿಸಿದ ಮೈನಸ್ಸನ್ನ ಇಲ್ಲಿ ಹಾಕಿಬಿಡಲಾ?”

ಒಂದು ಕಿರಣಚಿತ್ರ ಬರೆದಿದ್ದರೆ ಪ್ರತಿಬಿಂಬ ಯಾವ ಕಡೆಗಿದೆಯೆಂದು ಕಣ್ಣಿಗೇ ಕಾಣುತ್ತಿತ್ತು. ಆದರೆ ಚಿತ್ರವೂ ಅವನಿಗೆ ಬಾಯಿಪಾಠವೇ. ಬಾಣದ ಗುರುತು ಹಾಕುವುದು ಯಾಕೆಂದರೆ ಅದಕ್ಕೆ ಅಂಕವಿದೆ. ಇದೇ ಹುಡುಗ ಚಿಕ್ಕವನಿದ್ದಾಗ ಟಾರ್ಚ್ ಬಿಚ್ಚಿ ಸೆಲ್ಲುಗಳನ್ನು ತಿರುಗುಮುರುಗು ಹಾಕಿ, ಒಂದು ಉಲ್ಟಾ ಆದರೂ ಬೆಳಕು ಯಾಕೆ ಬರುವುದಿಲ್ಲವೆಂದು ಸಂಜೆಯಿಡೀ ನನ್ನ ಜೀವ ತಿಂದಿದ್ದ. ಅಂದು ನನಗೆ ಬೇಸರ ಬಂದಿತ್ತು. ಈಗ ಯಾವ ಪಾಠದ ಬಗ್ಗೆ ಬಾಯಿ ತೆರೆದರೂ ಅವನ ಪ್ರಶ್ನೆ ಒಂದೇ: “ಇದು ಎಷ್ಟು ಅಂಕಕ್ಕೆ ಬರುತ್ತೆ?”

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ, ಪಠ್ಯ ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಅವರನ್ನು ಹಿಂದೆ ಹಾಕಿದ್ದರು. ಈ ಫಲಿತಾಂಶದಿಂದ ಮಗನಿಗೆ ಹೊಳೆದದ್ದೇನೆಂದರೆ, ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಕೊನೆಯ ಐದು ನಿಮಿಷ ಓದಿಬಿಟ್ಟರೆ ಸಾಕೆಂಬುದು.

ಇವತ್ತು ಮಸೂರಗಳ ಸರದಿ. ಅಲ್ಲಿ ಸೂತ್ರದ ಒಳಗೇ ಒಂದು ಮೈನಸ್ ಕೂತಿದೆ. ಅದು ಅವನ ಕಣ್ಣಿಗೆ ಬೀಳುವ ಮೊದಲೇ ರಬ್ಬರನ್ನು ನನ್ನ ಜೇಬಿಗೆ ಹಾಕಿಕೊಂಡಿದ್ದೇನೆ.