ಹೊರೆ ಅಂದಿರಲ್ಲ ಅಣ್ಣಾ, ಆ ಮಗುವನ್ನ

ನಿನ್ನೆ ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮವರ ಯುಗಾದಿ ಊಟ. ಹಾಲ್ ಕ್ಲೀನ್ ಮಾಡಲು ಬಂದಿದ್ದವರು ಡೊಮಿನಿಕನ್ ರಿಪಬ್ಲಿಕ್‌ನ ಹೆಂಗಸು. ಜೊತೆಗೆ ಎಂಟು ವರ್ಷದ ಮಗಳು. ನಾವು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವಳೇ ಅಮ್ಮನಿಗೆ ಸ್ಪ್ಯಾನಿಷಿನಲ್ಲಿ ತಿಳಿಸುತ್ತಿದ್ದಳು. ಆಮೇಲೆ ಮೂಲೆಯಲ್ಲಿ ಕೂತು ಹೋಮ್‌ವರ್ಕ್. ಅದನ್ನು ನೋಡುತ್ತಲೇ ನಮ್ಮವರೊಬ್ಬರು ಅಂದರು: "ಇವರ ಮಕ್ಕಳೆಲ್ಲ ನಾಳೆ ನಮ್ಮ ಟ್ಯಾಕ್ಸ್ ಮೇಲೆ ಬದುಕೋ ಹೊರೆ."

ನಾನು ಹೋಳಿಗೆ ಬಡಿಸುತ್ತಿದ್ದೆ. ಬಾಯಿ ಬಿಡಲಿಲ್ಲ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಹೊರೆ? ಯಾವ ಲೆಕ್ಕದಲ್ಲಿ? ಅರ್ಥಶಾಸ್ತ್ರಜ್ಞರಾದ ರಾನ್ ಅಬ್ರಮಿಟ್ಸ್ಕಿ, ಲಿಯಾ ಬೂಸ್ತಾನ್ ಮತ್ತು ಜೊತೆಗಾರರು ಅಮೆರಿಕದ ನೂರು ವರ್ಷಕ್ಕೂ ಜಾಸ್ತಿ ಕಾಲದ ದಾಖಲೆ ಜಾಲಾಡಿ 2021ರಲ್ಲಿ ಬರೆದಿದ್ದಾರೆ. ಅಷ್ಟೇ ಬಡವರಾದ ಅಮೆರಿಕನ್ನರ ಮಕ್ಕಳಿಗಿಂತ ವಲಸೆ ಬಂದವರ ಮಕ್ಕಳೇ ಸಂಪಾದನೆಯಲ್ಲಿ ಮೇಲೆ ಹೋಗುತ್ತಾರೆ. ನೂರು ವರ್ಷದ ಹಿಂದೆ ಸ್ವೀಡನ್, ಫಿನ್ಲೆಂಡಿನಿಂದ ಬಂದ ಬಡವರ ಮಕ್ಕಳು ಹೋದರು. ಈಗ ಮೆಕ್ಸಿಕೊ, ಡೊಮಿನಿಕನ್ ರಿಪಬ್ಲಿಕ್‌ನವರ ಮಕ್ಕಳೂ ಹೋಗುತ್ತಿದ್ದಾರೆ. ಅಪ್ಪ ಅಮ್ಮ ಕೆಲಸ ಇರುವ ಊರು ಹುಡುಕಿ ನೆಲೆಸಿದ್ದು ಇದಕ್ಕೊಂದು ದೊಡ್ಡ ಕಾರಣ. ನಮ್ಮ ಮಕ್ಕಳ ಮಾತು ಬಿಡಿ. ನಾವು ಡಿಗ್ರಿ ಹಿಡಿದು, ಕಂಪನಿ ಕೊಟ್ಟ ವೀಸಾದಲ್ಲಿ ಬಂದವರು. ನಮ್ಮ ಮಕ್ಕಳು ಅರ್ಧ ಬೆಟ್ಟದ ಮೇಲೇ ಹುಟ್ಟಿದರು.

"ಹೇಗೂ ಮೇಲೆ ಬರ್ತಾರಲ್ಲ, ಮತ್ತೆ ಸಹಾಯ ಯಾಕೆ?" ಅಂತ ಕೇಳುವವರೂ ಇದ್ದಾರೆ. ಮೂವತ್ತನೇ ವಯಸ್ಸಿನ ಸಂಬಳ ನಾಲ್ಕನೇ ವಯಸ್ಸಿನ ಹೊಟ್ಟೆ ತುಂಬಿಸುತ್ತಾ? 2021ರಲ್ಲಿ ಇಲ್ಲಿನ ಸರ್ಕಾರ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಮಕ್ಕಳಿರುವವರಿಗೆ ಟ್ಯಾಕ್ಸಿನಲ್ಲಿ ಕೊಡುವ ನೆರವು, ಹೆಚ್ಚಿಸಿ, ಮನೆಗಳಿಗೆ ತಿಂಗಳು ತಿಂಗಳು ದುಡ್ಡು ಕೊಟ್ಟರು. ಸರ್ಕಾರದ ನೆರವನ್ನೂ ಸೇರಿಸಿ ಅಳೆಯುವ ಲೆಕ್ಕದಲ್ಲಿ ಮಕ್ಕಳ ಬಡತನ ಶೇ. 5.2ಕ್ಕೆ ಇಳಿಯಿತು. ಆ ಹೆಚ್ಚಳ ನಿಲ್ಲಿಸಿದರು. ಮರುವರ್ಷವೇ ಶೇ. 12.4. ಈಗ 2025ರ ಕಾನೂನು ಬಂದಿದೆ. ಅಪ್ಪ ಅಮ್ಮ ಇಬ್ಬರಲ್ಲಿ ಯಾರಿಗೂ ಸೋಷಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿ ಕೆಲಸ ಮಾಡಲು ಅನುಮತಿ ಇದ್ದವರಿಗೆ ಸರ್ಕಾರ ಕೊಡುವ ನಂಬರ್) ಇಲ್ಲದಿದ್ದರೆ, ಇಲ್ಲೇ ಹುಟ್ಟಿದ ಮಗುವಿಗೂ ಆ ಕ್ರೆಡಿಟ್ ಇಲ್ಲ. ಆ ಅಪ್ಪ ಅಮ್ಮ ಟ್ಯಾಕ್ಸ್ ಕಟ್ಟುತ್ತಿದ್ದರೂ ಇಲ್ಲ. ಮಗು ಮಾಡಿದ ತಪ್ಪೇನು?

ನಮ್ಮಪ್ಪ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಉಂಡು ಓದಿದವರು, ನಿಮಗೆಲ್ಲ ಗೊತ್ತು. ಜಾತಿ ಕೇಳದೆ ಸಾಲಿನಲ್ಲಿ ಕೂರಿಸಿ ಬಡಿಸಿದರು. ಯಾವ ಊರಿನ ಯಾರ ದುಡ್ಡಿನ ಮುದ್ದೆಯೋ! ಈ ಹುಡುಗ ನಾಳೆ ಹೊರೆಯಾಗುತ್ತಾನಾ ಅಂತ ಯಾರೂ ಲೆಕ್ಕ ಹಾಕಲಿಲ್ಲ. ಆ ಮುದ್ದೆಯಿಂದಲೇ ನಾನಿಲ್ಲಿ ಇದ್ದೇನೆ.

ಅಣ್ಣಾ, ನೀವು ಇದನ್ನು ಓದುತ್ತೀರಿ. ನಿಮ್ಮ ತಂದೆಯೂ ಅದೇ ಸಾಲಿನಲ್ಲಿ ಕೂತವರು ಅಲ್ವಾ? ಇದನ್ನು ನಿನ್ನೆಯೇ, ಆ ಮಗುವಿನ ಮುಂದೆಯೇ ಹೇಳಬೇಕಿತ್ತು. ಹೇಳಲಿಲ್ಲ.